ಬಿಚ್ಚಿಟ್ಟ ಹೆರಾಲ್ಡ್ ಕಾರಿಗೆ ಹನ್ನೊಂದು ವರ್ಷದ ಮೇಲೆ ಮತ್ತೆ ಕೈ ಹಚ್ಚುವುದು

ಖಂಡೇನವಮಿಯ ದಿನ ನಮ್ಮ ಲೇತ್ ಅಂಗಡಿಯಲ್ಲಿ ಎಲ್ಲ ಮಷೀನಿಗೂ ಪೂಜೆ ಆಗುತ್ತದೆ. 2023ರಲ್ಲಿ ಪೂಜೆ ಮುಗಿಸಿ ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಮನೆಗೆ ಹೊರಟಾಗ ಉಳಿದ ಚೆಂಡುಹೂವಿನ ಮಾಲೆ ಮಗಳ ಕೈಯಲ್ಲಿತ್ತು. "ಅಪ್ಪಾ, ಶೆಡ್ಡಿನ್ಯಾಗಿನ ಗಾಡಿಗೆ ಪೂಜಾ ಮಾಡೂದಿಲ್ಲೇನು?" ಅಂದಳು. ನನಗೆ ಉತ್ತರ ಬರಲಿಲ್ಲ. ಸ್ಕೂಟರ್ ಸತ್ತೂರಿನ ಕಡೆ ತಿರುಗಿಸಿದೆ.

ಅಲ್ಲಿ ನಮ್ಮ ಶೆಡ್ ಇದೆ. ಒಳಗೆ ಕಾಕಾ ಬಿಟ್ಟುಹೋದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. 1965ರದು, ಎರಡು ಬಾಗಿಲಿನದು. 2009ರಲ್ಲಿ ಅದನ್ನು ಬಿಚ್ಚಲು ಶುರು ಮಾಡಿದ್ದೆ. 2012ರ ಮಳೆಗಾಲದಲ್ಲಿ ಅಪ್ಪನ ಆರೋಗ್ಯ ಕೆಟ್ಟಿತು, ಅಂಗಡಿಯಲ್ಲಿ ಕೆಲಸವೂ ಕಡಿಮೆಯಾಯಿತು. ಮುಂದಿನ ತಿಂಗಳು ನೋಡೋಣ ಅಂತ ತಾಡಪತ್ರಿ ಹೊದಿಸಿ ಬಾಗಿಲು ಹಾಕಿದೆ. ಆ ಮುಂದಿನ ತಿಂಗಳು ಬರಲು ಹನ್ನೊಂದು ವರ್ಷ ಹಿಡಿಯಿತು.

ಹೀಗೆ ಅರ್ಧಕ್ಕೆ ನಿಂತ ಹಳೆ ಗಾಡಿ ಇಟ್ಟುಕೊಂಡವರು ನಮ್ಮ ಕಡೆ ಬಹಳ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸದಾಗಿ ಶುರು ಮಾಡುವುದು ಒಂದು ಕೆಲಸ. ಬಿಟ್ಟಿದ್ದಕ್ಕೆ ಮರಳಿ ಬರುವುದು ಬೇರೆಯದೇ ಕೆಲಸ. ತುಕ್ಕಿಗೆ ಮದ್ದಿದೆ. ಆದರೆ ಯಾವ ನಟ್ ಎಲ್ಲಿಂದ ತೆಗೆದೆ ಅನ್ನುವುದು ಮರೆತುಹೋಗಿರುತ್ತದೆ ನೋಡಿ, ನಿಜವಾದ ಕಷ್ಟ ಅದು. ಹಾಗಾಗಿ ಮೊದಲ ತಿಂಗಳು ಪಾನಾ (ಸ್ಪ್ಯಾನರ್) ಮುಟ್ಟಬೇಡಿ.

ಮೊದಲ ತಿಂಗಳು: ಡಬ್ಬಿ ಮತ್ತು ಯಾದಿ

ತಾಡಪತ್ರಿ ತೆಗೆದ ಕೂಡಲೇ ಇಂಜಿನ್ ತಿರುಗುತ್ತದಾ ಅಂತ ನೋಡುವ ಆಸೆ ಆಗುತ್ತದೆ. ನನಗೂ ಆಗಿತ್ತು. ಹಳೆ ಹುಬ್ಬಳ್ಳಿಯ ನಮ್ಮ ಮೆಕ್ಯಾನಿಕ್ ಚಾಚಾ ಬಂದು ನೋಡಿದರು. ಕಾಕಾ ಇದ್ದಾಗಿನಿಂದ ಈ ಗಾಡಿ ಬಲ್ಲವರು. "ಸಾಹೇಬ್ರ, ಮೊದ್ಲ ಡಬ್ಬಿ ತಗೀರಿ, ಆಮ್ಯಾಲೆ ಗಾಡಿ ಮುಟ್ರಿ" ಅಂದರು. ಎರಡು ವರ್ಷದಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ಸಲಹೆ ಅದು.

ನಾನು ನಟ್-ಬೋಲ್ಟ್ ಇಟ್ಟಿದ್ದು ಪೇಢೆಯ ರಟ್ಟಿನ ಡಬ್ಬಿಗಳಲ್ಲಿ. ಧಾರವಾಡದ ಮನೆಯಲ್ಲಿ ಆ ಡಬ್ಬಿಗೆ ಬರವಿಲ್ಲ ಅಲ್ವಾ? ದೊಡ್ಡ ತಪ್ಪು. ರಟ್ಟು ಮಳೆಗಾಲದ ತಂಪು ಹೀರಿಕೊಂಡು ಒಳಗಿನ ಕಬ್ಬಿಣಕ್ಕೆ ಕೊಡುತ್ತದೆ. ಖೋವಾದ ವಾಸನೆಗೆ ಇಲಿ ಬಂದು ಮೂಲೆ ಕಡಿದಿದ್ದವು. ಮೂರು ಡಬ್ಬಿಯ ಸಾಮಾನು ನೆಲದ ಮೇಲೆ ಒಂದಾಗಿ ಬಿದ್ದಿತ್ತು. ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದೆಲ್ಲ ಮಾಸಿತ್ತು. ಪೆನ್ಸಿಲಿನಲ್ಲಿ ಬರೆದಿದ್ದು ಮಾತ್ರ ನಿನ್ನೆ ಬರೆದಂತೆ ಇತ್ತು.

ಈಗ ನಾವು ಮಾಡಿದ ಪದ್ಧತಿ ಹೀಗಿದೆ. ಹಳೆ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಹರಡುವುದು. ಗಾಡಿಯಲ್ಲಿ ಯಾವ ಜಾಗದ್ದೋ ಆ ಜಾಗಕ್ಕೆ ಸರಿಯಾಗಿ ಇಡುವುದು: ಮುಂದಿನದು ಮುಂದೆ, ಎಡಗಡೆಯದು ಎಡಕ್ಕೆ. ಗೊತ್ತಾಗದ್ದಕ್ಕೆ ಬೇರೆ ಗುಡ್ಡೆ. ಆ ಗುಡ್ಡೆ ದೊಡ್ಡದಿದ್ದರೆ ಹೆದರಬೇಡಿ, ಕೆಲಸ ಮುಂದುವರಿದಂತೆ ತಾನೇ ಕರಗುತ್ತದೆ. ಪ್ರತಿ ಗುಂಪನ್ನು ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ, ಮುಚ್ಚಳವಿರುವ ಪ್ಲಾಸ್ಟಿಕ್ ಬರಣಿಗೆ ಹಾಕಿದೆವು. ಅಂಗಡಿಯಲ್ಲಿ ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿ, ನಂಬರ್ ಪಂಚ್ ಹೊಡೆದು, ತಾಮ್ರದ ತಂತಿಯಲ್ಲಿ ಕಟ್ಟಿದೆ. ಮಗಳು ದಪ್ಪ ನೋಟ್‌ಬುಕ್ಕಿನಲ್ಲಿ ಅದೇ ನಂಬರಿಗೆ ಯಾದಿ ಬರೆದಳು: ಏನು, ಎಲ್ಲಿಯದು, ಹೇಗಿದೆ, ಬದಲಿಸಬೇಕಾ. ಎಲ್ಲ ಪೆನ್ಸಿಲಿನಲ್ಲೇ. 214 ನಂಬರ್ ಆದವು. ಒಂಬತ್ತು ಭಾನುವಾರ ಹಿಡಿಯಿತು. ಇಷ್ಟು ಮಾಡಿದ ಮೇಲೆ ಈ ಗಾಡಿ ಮುಗಿಯುತ್ತದೆ ಅಂತ ನನಗೆ ಮೊದಲ ಸಲ ಅನ್ನಿಸಿತು.

ಇದರ ಜೊತೆಗೆ ಒಂದು ಮಾತು. ಹಿಂದೆ ನೀವೇ "ಇದು ಆಗಿದೆ" ಅಂತ ಟಿಕ್ ಹಾಕಿದ್ದನ್ನೂ ನಂಬಬೇಡಿ. ನನ್ನ ಹಳೆ ಚೀಟಿಯಲ್ಲಿ "ಬ್ರೇಕ್ ಪೂರಾ" ಅಂತ ಇತ್ತು. ಬಿಚ್ಚಿ ನೋಡಿದರೆ ಮುಂದಿನ ಎರಡು ಚಕ್ರದ್ದು ಮಾತ್ರ ಆಗಿತ್ತು. ಆಗಿದ್ದದ್ದೂ ಹನ್ನೊಂದು ವರ್ಷದಲ್ಲಿ ಕೆಟ್ಟಿತ್ತು.

ಗಾಡಿಯ ಕುಲ ತಿಳಿದುಕೊಳ್ಳಿ

ಹೆರಾಲ್ಡ್ ನೋಡಲು ಮನೆಮಂದಿಯ ಕಾರು. ಆದರೆ ಅದರ ರಕ್ತಸಂಬಂಧ ಸ್ಪೋರ್ಟ್ಸ್ ಕಾರಿನದು. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಬಂದಿದ್ದು 1959ರಲ್ಲಿ. ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊತ್ತಿ. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಇದನ್ನು ಇಲ್ಲಿ ತಯಾರಿಸಿತು. 1962ರಲ್ಲಿ ಇಂಗ್ಲೆಂಡಿನವರು ಇದೇ ಚಾಸಿಯನ್ನು (ಬಾಡಿಯ ಕೆಳಗಿನ ಚೌಕಟ್ಟನ್ನು) ಗಿಡ್ಡ ಮಾಡಿ ಎರಡು ಸೀಟಿನ ಸ್ಪಿಟ್‌ಫೈರ್ ಕಟ್ಟಿದರು. ಮುಂದಿನ ಸಸ್ಪೆನ್ಷನ್ ಅದೇ, ಹಿಂದೆ ಅಡ್ಡಲಾಗಿ ಕೂರುವ ಪಾಟಾ ಸ್ಪ್ರಿಂಗ್ ಅದೇ.

ಇದನ್ನು ಹೇಳಲು ಕಾರಣವಿದೆ. ಹೆರಾಲ್ಡ್ ಸಾಮಾನು ನಮ್ಮಲ್ಲಿ ಸಿಗುವುದು ಕಷ್ಟ. ಸ್ಪಿಟ್‌ಫೈರ್ ಸಾಮಾನು ಇಂಗ್ಲೆಂಡಿನಲ್ಲಿ ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ. ನಿಮ್ಮದು ಬೇರೆ ಗಾಡಿ ಇರಬಹುದು, ಅದರ ಅಣ್ಣತಮ್ಮಂದಿರು ಯಾರು ಅಂತ ಮೊದಲು ಹುಡುಕಿ. ಆದರೆ ತರಿಸುವ ಮೊದಲು ವರ್ನಿಯರ್ ಹಿಡಿದು ಅಳತೆ ತೆಗೆಯಿರಿ. ಕಸ್ಟಮ್ಸ್ ಸುಂಕ ಕಟ್ಟಿ ತರಿಸಿದ ಸಾಮಾನು ಕೂರದಿದ್ದರೆ ವಾಪಸ್ ಕಳಿಸುವುದು ಸುಲಭವಲ್ಲ.

ಪಾನಾದ ವಿಷಯವೂ ಇಲ್ಲೇ ಬರುತ್ತದೆ. ಇದರ ನಟ್‌ಗಳು ಇಂಚಿನವು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಪಾನಾ ಕೂತಂತೆ ಅನಿಸುತ್ತದೆ. ತುಕ್ಕು ಹಿಡಿದ ನಟ್ಟಿಗೆ ಅದನ್ನು ಹಾಕಿ ತಿರುವಿದರೆ ಮೂಲೆ ಸವೆದು ಗುಂಡಗಾಗುತ್ತದೆ. ಇಂಚಿನ ರಿಂಗ್ ಪಾನಾದ ಒಂದು ಸೆಟ್ ಕೊಳ್ಳಿ. ಹಿಡಿದುಕೊಂಡ ನಟ್ಟಿಗೆ ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಬೆರೆಸಿ ರಾತ್ರಿ ಬಿಡಿ. ಆಗ ಹತ್ತಿರ ಬೆಂಕಿ ಬೇಡ.

ನೆಲ ಸಮ ಇದೆಯಾ ನೋಡಿ

ನಮ್ಮ ಕಡೆ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗಾಡಿಯನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹೋಗಿದ್ದೆ. ಫರಸಿ ಒಡೆದು ಒಂದು ಸ್ಟ್ಯಾಂಡ್ ಒಂದಿಂಚು ಕುಸಿದಿತ್ತು. ಬಲಗಡೆಯ ಬಾಗಿಲು ಹಾಕಲು ಬರುತ್ತಿರಲಿಲ್ಲ. ಚಾಸಿಯೇ ತಿರುಚಿದೆ ಅಂತ ಎದೆ ಧಸಕ್ ಅಂದಿತು.

ಗೌಂಡಿಗಳ ಹತ್ತಿರ ನೀರು ತುಂಬುವ ಲೆವಲ್ ಪೈಪ್ ಇರುತ್ತದೆ. ಅದನ್ನು ಕೇಳಿ ತಂದು ನಾಲ್ಕೂ ಮೂಲೆ ಸಮ ಮಾಡಿ, ಎರಡು ದಿನ ಬಿಟ್ಟು ನೋಡಿದೆ. ತೂಗುಗುಂಡು ಇಳಿಬಿಟ್ಟು ಚಾಸಿಯ ಗುರುತುಗಳನ್ನು ನೆಲಕ್ಕೆ ಇಳಿಸಿ, ಮೂಲೆಯಿಂದ ಮೂಲೆಗೆ ಅಳೆದೆ. ಎರಡೂ ಅಡ್ಡ ಅಳತೆ 3 ಮಿಲಿಮೀಟರ್ ವ್ಯತ್ಯಾಸದಲ್ಲಿ ಬಂದವು. ಬಾಗಿಲು ತಾನೇ ಕೂತಿತು. ವರ್ಷಗಟ್ಟಲೆ ನಿಂತ ಗಾಡಿ ವಕ್ರವಾಗಿದೆ ಅನಿಸಿದರೆ ಟಿಂಕರಿಂಗ್ ಅಂಗಡಿಗೆ ಹೋಗುವ ಮೊದಲು ನೆಲ ನೋಡಿ.

ಇಂಜಿನ್: ಅವಸರ ಮಾಡಿದರೆ ರಿಂಗ್ ಮುರಿಯುತ್ತದೆ

ಬ್ಯಾಟರಿ ಹಚ್ಚಿ ಸೆಲ್ಫ್ ಹೊಡೆಯಬೇಡಿ. ಗೇರ್ ಹಾಕಿ ನೂಕಬೇಡಿ. ಒಳಗೆ ಪಿಸ್ಟನ್ ರಿಂಗ್ ಬೋರಿಗೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಗೆ, ಅಂಟಿರುತ್ತದೆ. ಬಲ ಹಾಕಿದರೆ ರಿಂಗ್ ಮುರಿದು ಬೋರ್ ಗೀರುತ್ತದೆ.

ನಾಲ್ಕೂ ಪ್ಲಗ್ ಬಿಚ್ಚಿ. ಮೊಬೈಲಿಗೆ ಹಚ್ಚುವ ಸಣ್ಣ ಕ್ಯಾಮೆರಾ ಸಿಗುತ್ತದೆ, ಅದನ್ನು ಪ್ಲಗ್ ತೂತಿನಲ್ಲಿ ಇಳಿಸಿ ಬೋರ್ ನೋಡಿ. ಪ್ರತಿ ಬೋರಿಗೂ ಎರಡು ಚಮಚ ಅದೇ ಎಟಿಎಫ್-ಅಸಿಟೋನ್ ಬೆರೆಸಿದ್ದು ಹಾಕಿ. ಒಂದು ವಾರ ದಿನವೂ ಸ್ವಲ್ಪ ಹಾಕುತ್ತಿರಿ. ಮೇಲಿನ ರಾಕರ್ ಕವರ್ ತೆಗೆದು ವಾಲ್ವ್ ಸ್ಪ್ರಿಂಗುಗಳ ಮೇಲೂ ಎಣ್ಣೆ ಬಿಡಿ, ಅಂಟಿದ ವಾಲ್ವ್ ಇದ್ದರೆ ಪುಶ್‌ರಾಡ್ ಬಾಗುತ್ತದೆ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಿಂದ ಮಾತ್ರ, ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ. ಪೈಪ್ ಸಿಕ್ಕಿಸಿ ಉದ್ದ ಮಾಡಬೇಡಿ. ಬರಲಿಲ್ಲ ಅಂದರೆ ಮತ್ತೊಂದು ವಾರ.

ನನ್ನದು ಹದಿನೇಳನೇ ದಿನ ಕದಲಿತು. ಆದರೆ ಮೂರನೇ ಬೋರಿನಲ್ಲಿ ಬಳೆಯಂತೆ ತುಕ್ಕು ಕೂತಿತ್ತು. ಕಾರಣ ಸಣ್ಣದು. 2012ರಲ್ಲಿ ಆ ಒಂದು ಪ್ಲಗ್ ತೆಗೆದು ಹಾಗೇ ಬಿಟ್ಟಿದ್ದೆ, ಮೇಲೆ ಗೋಣಿಚೀಲ ಹಾಕಿದ್ದೆ. ಗೋಣಿ ತಂಪು ಹಿಡಿದಿಡುತ್ತದೆ. ಧಾರವಾಡದ ಹನ್ನೊಂದು ಮಳೆಗಾಲ ಆ ತೂತಿನಿಂದ ಒಳಗೆ ಹೋಗಿದೆ. ನಾಲ್ಕೂ ಬೋರ್ 20 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ದೊಡ್ಡದು ಮಾಡಿಸಿ, ಆ ಸೈಜಿನ ಪಿಸ್ಟನ್ ತರಿಸಬೇಕಾಯಿತು. ಈ ಇಂಜಿನ್ 948 ಸಿಸಿ, ಬೋರ್ 63 ಮಿಲಿಮೀಟರ್. ನೀವು ಏನಾದರೂ ಅರ್ಧಕ್ಕೆ ನಿಲ್ಲಿಸಬೇಕಾದ ದಿನ ಬಂದರೆ ಬೋರಿಗೆ ಎಣ್ಣೆ ಹಾಕಿ, ಎಲ್ಲ ತೂತು ಮುಚ್ಚಿ, ಆಮೇಲೆ ಶೆಡ್ ಬಾಗಿಲು ಹಾಕಿ.

ಕೂಡಿಸಿದ ಮೇಲೆ ಫೈರಿಂಗ್ ಆರ್ಡರ್, ಅಂದರೆ ಪ್ಲಗ್‌ಗಳು ಕಿಡಿ ಹಾರಿಸುವ ಸರದಿ, 1-3-4-2. ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ರಾಕರ್ ನಡುವಿನ ಸಂದು) ಇಂಜಿನ್ ತಣ್ಣಗಿದ್ದಾಗ 10 ಥೌ. ಮೊದಲ ಸಲ ತಿರುಗಿಸುವಾಗ ಪ್ಲಗ್ ಹಾಕದೆ ಸೆಲ್ಫಿನಿಂದ ತಿರುಗಿಸಿ, ಆಯಿಲ್ ಪ್ರೆಷರ್ ಬರುವ ತನಕ. ಪ್ರೆಷರ್ ಮೀಟರ್ ಒಂದು ಹಚ್ಚಿಕೊಂಡರೆ ಕಣ್ಣಿಗೆ ಕಾಣುತ್ತದೆ. ಅದಾದ ಮೇಲೆ ಪ್ಲಗ್ ಹಾಕಿ.

ಪೆಟ್ರೋಲ್ ಟಾಕಿ ಬಿಚ್ಚಿ ತೊಳೆಯಲೇಬೇಕು. ಹಳೆ ಪೆಟ್ರೋಲ್ ಅಂಟಂಟಾಗಿ ವಾರ್ನಿಶ್ ಹಾಗೆ ತಳಕ್ಕೆ ಕೂತಿರುತ್ತದೆ. ಇನ್ನೊಂದು ವಿಷಯ: ನೀವು ಗಾಡಿ ಬಿಟ್ಟಾಗಿನ ಪೆಟ್ರೋಲ್ ಈಗ ಬಂಕಿನಲ್ಲಿ ಇಲ್ಲ. ಈಗಿನದರಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇದೆ. ಅದು ನೀರು ಎಳೆದುಕೊಳ್ಳುತ್ತದೆ, ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಎಲ್ಲ ರಬ್ಬರ್ ಪೈಪ್ ಮತ್ತು ಪಂಪಿನ ಡಯಾಫ್ರಂ ಎಥೆನಾಲ್ ತಡೆಯುವಂಥದ್ದು ಹಾಕಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಕಾರ್ಬೊರೇಟರ್ ಖಾಲಿ ಮಾಡಿ ಇಡಿ.

ಟ್ರನಿಯನ್: ಇದನ್ನು ದಯವಿಟ್ಟು ಬಿಡಬೇಡಿ

ಉಳಿದದ್ದೆಲ್ಲ ಮರೆತರೂ ಹೆರಾಲ್ಡ್ ಇಲ್ಲವೇ ಸ್ಪಿಟ್‌ಫೈರ್ ಇರುವವರು ಇದನ್ನು ನೆನಪಿಡಿ. ಮುಂದಿನ ಚಕ್ರವನ್ನು ಹಿಡಿದ ನೆಟ್ಟನೆಯ ಉಕ್ಕಿನ ತುಂಡಿಗೆ ವರ್ಟಿಕಲ್ ಲಿಂಕ್ ಅಂತಾರೆ. ಅದರ ಕೆಳತುದಿಯಲ್ಲಿ ಥ್ರೆಡ್ ಇದೆ. ಅದು ಟ್ರನಿಯನ್ ಅನ್ನುವ ಕಂಚಿನ ತುಂಡಿನೊಳಗೆ ತಿರುಪಿನ ಹಾಗೆ ಕೂತಿರುತ್ತದೆ. ನೀವು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಥ್ರೆಡ್ ತಿರುಗುತ್ತದೆ. ಮುಂದಿನ ಭಾರ, ಗುಂಡಿಯ ಹೊಡೆತ ಎಲ್ಲ ಅದರ ಮೇಲೆಯೇ.

ಅಲ್ಲಿಗೆ ಗ್ರೀಸ್ ಹಾಕಬಾರದು. ಇಪಿ 90 ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಥ್ರೆಡ್ಡಿನ ಆಳಕ್ಕೆ ಇಳಿಯುವುದಿಲ್ಲ. ಕಾಲ ಕಳೆದಂತೆ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಒಳಗೆ ಸೇರಿದ ನೀರು ಅಲ್ಲೇ ನಿಂತು ಉಕ್ಕನ್ನು ತಿನ್ನುತ್ತದೆ. ಒಂದು ದಿನ ಲಿಂಕ್ ಥ್ರೆಡ್ಡಿನ ಬುಡದಲ್ಲಿ ಮುರಿದು ಚಕ್ರ ಮಡಚಿ ಬೀಳುತ್ತದೆ.

ನನ್ನ ಗಾಡಿಗೆ ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಗ್ರೀಸ್ ತುಂಬಿದ್ದರು. ಬಿಚ್ಚಿದಾಗ ಹಳೆ ಸೋಪಿನ ಹಾಗೆ ಹೊರಬಂತು. ತೊಳೆದ ಮೇಲೆ ಥ್ರೆಡ್ ಸುಮಾರಾಗಿ ಚೆನ್ನಾಗೇ ಕಂಡಿತು. ಮನಸ್ಸು ಒಪ್ಪಲಿಲ್ಲ. ವೆಲ್ಡಿಂಗ್ ತಪಾಸಣೆಗೆ ನಾವು ಅಂಗಡಿಯಲ್ಲಿ ಬಳಸುವ ಮೂರು ಸ್ಪ್ರೇ ಡಬ್ಬಿ ಇವೆ: ಒಂದು ಕ್ಲೀನರ್, ಒಂದು ಕೆಂಪು ಬಣ್ಣ, ಒಂದು ಬಿಳಿ ಡೆವಲಪರ್. ಕೆಂಪು ಹೊಡೆದು, ಇಪ್ಪತ್ತು ನಿಮಿಷ ಬಿಟ್ಟು, ಪೂರ್ತಿ ಒರೆಸಿ, ಬಿಳಿ ಹೊಡೆದೆವು. ಎರಡು ನಿಮಿಷಕ್ಕೆ ಎಡಗಡೆಯ ಲಿಂಕಿನ ಬುಡದಲ್ಲಿ ಕೂದಲಿನಷ್ಟು ಸಣ್ಣ ಕೆಂಪು ಗೆರೆ ಮೂಡಿತು. ಮಗಳು ಅದನ್ನು ಬೆರಳಿನಿಂದ ತೋರಿಸಿದಾಗ ನನಗೆ ಮಾತು ಹೊರಡಲಿಲ್ಲ. ಅವಳನ್ನು ಕೂರಿಸಿಕೊಂಡು ಓಡಿಸಬೇಕು ಅಂತ ತಾನೇ ಇದೆಲ್ಲ ಮಾಡುತ್ತಿರುವುದು.

ಎರಡೂ ಕಡೆ ಹೊಸದು ಹಾಕಿದೆ. ತರಿಸುವಾಗ ಗಮನಿಸಿ, ಒಂದು ಕಡೆಯ ಥ್ರೆಡ್ ಬಲಸುತ್ತು, ಇನ್ನೊಂದು ಕಡೆಯದು ಎಡಸುತ್ತು. ಅದಲು ಬದಲು ಆಗಬಾರದು. ಎಣ್ಣೆ ಗನ್ನಿನಿಂದ, ಮೇಲಿನ ಸೀಲಿನ ಹತ್ತಿರ ಒಸರುವ ತನಕ ತುಂಬಿ. ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಎಣ್ಣೆ ಹಾಕಿದ ತಾರೀಖು ಇದೆ. ಆರು ತಿಂಗಳಿಗೊಮ್ಮೆ.

ಬ್ರೇಕ್, ವೈರ್, ಟೈರ್

ಬ್ರೇಕಿನ ಎಲ್ಲ ರಬ್ಬರ್ ಬದಲಿಸಿ. ಮೇಲೆ ಚೆನ್ನಾಗಿ ಕಂಡ ಹೋಸ್ ಪೈಪ್ ಒಳಗೆ ಊದಿಕೊಂಡಿರುತ್ತದೆ. ಒತ್ತಿದಾಗ ಎಣ್ಣೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ವೀಲ್ ಸಿಲಿಂಡರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊಸದು ಸಿಗದಿದ್ದರೆ ಎಸೆಯಬೇಡಿ. ಬೋರ್ ದೊಡ್ಡದು ಮಾಡಿ ಸ್ಟೇನ್‌ಲೆಸ್ ಸ್ಲೀವ್ ಕೂರಿಸಿ, ಮೂಲ ಅಳತೆಗೆ ಹೋನ್ ಮಾಡಬಹುದು, ಅಂದರೆ ಒಳಗೆ ಉಜ್ಜಿ ನುಣುಪು ಮಾಡಬಹುದು. ಅನುಭವ ಇರುವ ಲೇತ್‌ನವರಿಂದಲೇ ಮಾಡಿಸಿ. ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿದೆಯಾ ಅಂತ ಇಂಜಿನ್ ಗಾಡಿಗೆ ಕೂರಿಸುವ ಮೊದಲೇ ನೋಡಿಕೊಳ್ಳಿ.

ವೈರಿಂಗ್ ಇಲಿ ಕಡಿದಿರುತ್ತದೆ, ಸುಮ್ನೆ ಪೂರ್ತಿ ಹೊಸದು ಹಾಕಿ. ಹಳೆಯದನ್ನು ಬಿಸಾಡುವ ಮೊದಲು ಹಲಗೆಯ ಮೇಲೆ ಮೊಳೆ ಹೊಡೆದು ಅದೇ ಆಕಾರದಲ್ಲಿ ಹರಡಿ, ಅದನ್ನೇ ಅಚ್ಚು ಮಾಡಿಕೊಳ್ಳಿ. ಬ್ರಿಟಿಷ್ ಗಾಡಿಯ ಬಣ್ಣದ ಲೆಕ್ಕ ಸುಲಭ. ಕಂದು ಬ್ಯಾಟರಿಯಿಂದ ನೇರ ಬರುವುದು. ಬಿಳಿ ಕೀ ಹಾಕಿದ ಮೇಲೆ ಬರುವುದು. ಹಸಿರು ಅದೇ, ಫ್ಯೂಸ್ ದಾಟಿದ್ದು. ಕಪ್ಪು ಅರ್ಥ್. ಹಳೆ ಬ್ರಿಟಿಷ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಪಾಸಿಟಿವ್ ಅರ್ಥ್ ಇದೆ, ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಯಾವುದು ಅಂತ ಖಾತ್ರಿ ಮಾಡಿಕೊಂಡೇ ಬ್ಯಾಟರಿ ಹಚ್ಚಿ. ಮೊದಲ ಸಲ ಹಚ್ಚುವಾಗ ಬ್ಯಾಟರಿ ಮತ್ತು ಗಾಡಿಯ ನಡುವೆ ಒಂದು ಹೆಡ್‌ಲೈಟ್ ಬಲ್ಬ್ ಸೇರಿಸಿ. ಎಲ್ಲ ಸ್ವಿಚ್ ಬಂದ್ ಇದ್ದಾಗ ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ಉರಿಯುತ್ತದೆ, ವೈರ್ ಉರಿಯುವುದಿಲ್ಲ.

ಟೈರಿನಲ್ಲಿ ಎಷ್ಟೇ ಗ್ರಿಪ್ ಉಳಿದಿರಲಿ, ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ಓದಿ. 1209 ಅಂದರೆ 2009ರ ಹನ್ನೆರಡನೇ ವಾರದ್ದು. ಅಂಥದ್ದರ ಮೇಲೆ ಓಡಿಸಬೇಡಿ.

ಬಾಡಿ ಮತ್ತು ಕಾಗದ

ಹೆರಾಲ್ಡ್ ಬಾಡಿ ಚಾಸಿಯ ಮೇಲೆ ಬೋಲ್ಟಿನಿಂದ ತುಂಡು ತುಂಡಾಗಿ ಕೂರುತ್ತದೆ. ಮುಂದಿನ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತದೆ. ಕೆಲಸಕ್ಕೆ ಇದು ವರ. ಆದರೆ ಬಾಡಿ ಎತ್ತುವ ಮೊದಲು ಬಾಗಿಲಿನ ಜಾಗಕ್ಕೆ ಒಂದಿಂಚಿನ ಚೌಕ ಪೈಪ್ ಅಡ್ಡ ಹಚ್ಚಿ ಬಿಗಿ ಮಾಡಿ. ಪ್ರತಿ ಬೋಲ್ಟಿನ ಕೆಳಗೆ ಎಷ್ಟು ಶಿಮ್ ಪಟ್ಟಿ (ಎತ್ತರ ಹೊಂದಿಸಲು ಇಡುವ ತೆಳು ತಗಡು) ಇವೆ ಅಂತ ಎಣಿಸಿ ಬರೆಯಿರಿ. ನಾನು ಆಗ ಬರೆದಿರಲಿಲ್ಲ, ಈಗ ಒಂದೊಂದೇ ಹಾಕಿ ತೆಗೆದು ಬಾಗಿಲಿನ ಸಂದು ಹೊಂದಿಸುತ್ತಿದ್ದೇನೆ. ತುಕ್ಕು ತಿಂದ ಪತ್ರಾ ಕತ್ತರಿಸಿ ಹೊಸ ಪತ್ರಾ ವೆಲ್ಡ್ ಮಾಡಿಸಿ. ತೂತಿನ ಮೇಲೆ ಪುಟ್ಟಿ ಮೆತ್ತಿದರೆ ಎರಡನೇ ಮಳೆಗಾಲಕ್ಕೆ ಉಬ್ಬಿ ಬರುತ್ತದೆ. ಪೇಂಟ್ ಎಲ್ಲಕ್ಕಿಂತ ಕೊನೆಗೆ.

ಚಾಸಿ ನಂಬರ್ ಇರುವ ಜಾಗವನ್ನು ಗ್ರೈಂಡರ್‌ನಿಂದ ಉಜ್ಜಬೇಡಿ, ಪುಟ್ಟಿ ಹಚ್ಚಬೇಡಿ. ಆರ್‌ಟಿಒದಲ್ಲಿ ಪೆನ್ಸಿಲ್ ಉಜ್ಜಿ ಅದರ ಅಚ್ಚು ಕೇಳುತ್ತಾರೆ. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ಹತ್ತು ವರ್ಷದ ಅವಧಿ. ರ‍್ಯಾಲಿ, ಪ್ರದರ್ಶನಕ್ಕೆ ಒಯ್ಯಬಹುದು, ದಿನದ ಓಡಾಟಕ್ಕೆ ಬರುವುದಿಲ್ಲ. ವಾರಕ್ಕೊಮ್ಮೆ ಸಂತೆಗೆ ಹೋಗಿ ಬರುವ ಆಸೆ ಇದ್ದರೆ ಮಾಮೂಲಿ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸುವುದು ವಾಸಿ. ನಾನು ಅದನ್ನೇ ಆರಿಸಿಕೊಂಡಿದ್ದೇನೆ.

ಖರ್ಚಿಗೆ ನಮ್ಮ ಮನೆಯಲ್ಲಿ ತಿಂಗಳಿಗೆ 6,000 ರೂಪಾಯಿ ಅಂತ ಮಾತಾಗಿದೆ. ಪಿಸ್ಟನ್ ತರಿಸಿದಾಗ ಐದು ತಿಂಗಳದ್ದು ಒಟ್ಟಿಗೆ ಹೋಯಿತು. ಆ ಐದು ತಿಂಗಳು ದುಡ್ಡಿಲ್ಲದ ಕೆಲಸ ಮಾಡಿದೆವು: ಉಜ್ಜುವುದು, ತೊಳೆಯುವುದು, ಥ್ರೆಡ್ ಸ್ವಚ್ಛ ಮಾಡುವುದು. ಭಾನುವಾರ ಬೆಳಿಗ್ಗೆ ಮೂರು ತಾಸು, ಅಷ್ಟೇ. ಒಂದು ಭಾಗ ಮುಗಿದು ಬರಣಿ ಖಾಲಿಯಾಗದೆ ಇನ್ನೊಂದು ಭಾಗ ಬಿಚ್ಚುವುದಿಲ್ಲ.

ಮೊದಲ ಸಲ ಓಡಿಸುವಾಗ

ಕಾಗದ, ವಿಮೆ ಸರಿಯಾಗುವ ತನಕ ರಸ್ತೆಗೆ ಇಳಿಸಬೇಡಿ. ನಾವು ಶೆಡ್ ಮುಂದಿನ ಅಂಗಳದಲ್ಲೇ ಓಡಿಸಿದೆವು. ಬಾನೆಟ್ ಇಲ್ಲ, ಪೇಂಟ್ ಇಲ್ಲ, ಸೀಟಿನ ಜಾಗದಲ್ಲಿ ಹಲಗೆ. ಚಾಚಾ ಪಕ್ಕದಲ್ಲಿ ನಡೆದರು. ಮಗಳ ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇತ್ತು. ಅದನ್ನು ನೀವೂ ಇಟ್ಟುಕೊಳ್ಳಿ. ಒಂದನೇ ಗೇರಿನಲ್ಲಿ ಹತ್ತು ಮಾರು ಹೋಗಿ ಬ್ರೇಕ್ ಹಿಡಿಯಿರಿ. ಮತ್ತೆ ಹತ್ತು ಮಾರು. ಪೆಟ್ರೋಲ್ ಸೋರುತ್ತಿದೆಯಾ, ಪ್ರೆಷರ್ ನಿಂತಿದೆಯಾ ನೋಡಿ. ಅರ್ಧ ತಾಸು ಹಾಗೆ ಆಡಿಸಿದ ಮೇಲೆ ಇಳಿದು ನಾಲ್ಕೂ ಡ್ರಮ್ಮಿಗೆ ಕೈ ಇಟ್ಟು ನೋಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಆ ಚಕ್ರದ ಬ್ರೇಕ್ ಬಿಡುತ್ತಿಲ್ಲ ಅಂತ ಅರ್ಥ.

ನಮ್ಮದರಲ್ಲಿ ಹಿಂದಿನ ಎಡಗಡೆಯದು ಬಿಸಿ ಇತ್ತು. ಮಗಳು 187ನೇ ನಂಬರಿನ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಈ ಭಾನುವಾರ ಅದನ್ನೇ ಬಿಚ್ಚುತ್ತೇವೆ.